ಬ್ಲ್ಯಾಂಕಿಗೆ ರಕ್ತ ಕೊಡದ ಅಕ್ಕ

ಮೊನ್ನೆ ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿ ಕ್ಯಾಂಟೀನಿನಲ್ಲಿ ಎಲ್ಲರೆದುರು, "ನಾನು ಬ್ಲ್ಯಾಂಕಿಗೆ ರಕ್ತ ಕೊಡಲ್ಲ, ಸಾರಿ" ಅಂದಳು. ಮೇಜಿನ ಸುತ್ತ ಕೂತವರು ಹೋ ಎಂದು ನಕ್ಕರು. "ಬಂದ್ಲಪ್ಪಾ ಇನ್ನೊಬ್ಳು ಕಂಜೂಸು" ಅಂದ ಒಬ್ಬ. ನನ್ನ ತಟ್ಟೆಯಲ್ಲಿ ಇನ್ನೂ ಅರ್ಧ ಚಪಾತಿ ಇತ್ತು. ಅದನ್ನು ಅಲ್ಲೇ ಬಿಟ್ಟು ಎದ್ದು ಹೋಗಿ, ಕೈ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ಸುಮಾರು ಹೊತ್ತು ನಿಂತಿದ್ದೆ. ಇನ್ನೊಬ್ಬಳು ಅಂದನಲ್ಲ, ಆ ಮೊದಲನೆಯವರ ಬಗ್ಗೆ ಬರೆಯದಿದ್ದರೆ ನನಗೆ ತಲೆ ಕೆಡುತ್ತದೆ.

ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಅವರು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದನ್ನು ಹೆಸರು ಹಾಕಿ ಬಯಲು ಮಾಡುವಷ್ಟು ನಾನಿನ್ನೂ ಕೆಟ್ಟಿಲ್ಲ. ಬಾಗಲಕೋಟೆ ಕಡೆಯವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು, ನಾನು 'ಅಕ್ಕಾ' ಅನ್ನುತ್ತಿದ್ದೆ. ಬೊಮ್ಮಸಂದ್ರದ ನಮ್ಮ ಲ್ಯಾಬಿನಲ್ಲಿ ಎಂಟು ವರ್ಷ ಕೆಲಸ ಮಾಡಿದರು. ಅವರಿಗೆ ಮೂರ್ಛೆರೋಗವಿತ್ತು. ಅದು ನಮ್ಮಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಗೊತ್ತಾದರೆ ಕೆಲಸ ಹೋಗುತ್ತದೆ ಎಂಬ ಭಯದಲ್ಲೇ ಆ ಎಂಟು ವರ್ಷವನ್ನೂ ತಳ್ಳಿದರು. ಇನ್ನು ನಮ್ಮ ಕೆಲಸ ಏನು ಅಂತೀರಾ? ಮೂರ್ಛೆರೋಗದವರ ರಕ್ತದಲ್ಲಿ ಅವರು ನುಂಗಿದ ಮಾತ್ರೆ ಎಷ್ಟಿದೆ ಎಂದು ಅಳೆದು ಹೇಳುವುದು. ನಗಬೇಕೋ ಅಳಬೇಕೋ ನೀವೇ ನೋಡಿ.

ಕೆಲಸದ ಬಗ್ಗೆ ಎರಡು ಮಾತು ಹೇಳಲೇಬೇಕು. ಆಸ್ಪತ್ರೆಗಳಿಂದ ರಕ್ತ ಬರುತ್ತದೆ. ಅದನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಕೆಂಪೆಲ್ಲ ಕೆಳಗಿಳಿದು ಮೇಲೆ ತಿಳಿಯಾದ ಹಳದಿ ನೀರು ನಿಲ್ಲುತ್ತದೆ; ಅದು ಪ್ಲಾಸ್ಮಾ. ಅದರಲ್ಲಿನ ಕಸರನ್ನು ತೆಗೆದು, ಒಂದು ಗೇಣುದ್ದದ ಉಕ್ಕಿನ ಕೊಳವೆಯ ಮೂಲಕ ದ್ರಾವಣದ ಜೊತೆ ಒತ್ತಡದಲ್ಲಿ ಹಾಯಿಸುತ್ತೇವೆ. ಒಂದೊಂದು ಔಷಧಿಯೂ ತನ್ನದೇ ಸಮಯಕ್ಕೆ ಕೊಳವೆಯಿಂದ ಹೊರಬೀಳುತ್ತದೆ. ಹಾಗೆ ಬಿದ್ದಾಗ ಪರದೆಯ ಮೇಲಿನ ಗೆರೆ ಗುಡ್ಡದ ಹಾಗೆ ಎದ್ದು ಇಳಿಯುತ್ತದೆ. ಗುಡ್ಡ ದೊಡ್ಡದಾದಷ್ಟೂ ರಕ್ತದಲ್ಲಿ ಔಷಧಿ ಹೆಚ್ಚು. ಎಷ್ಟು ದೊಡ್ಡ ಗುಡ್ಡಕ್ಕೆ ಎಷ್ಟು ಔಷಧಿ ಎಂದು ತಿಳಿಯಲು ಮಾತ್ರ ಯಾವ ಮಾತ್ರೆಯನ್ನೂ ತಿನ್ನದವರ ಪ್ಲಾಸ್ಮಾ ಬೇಕು. ಅದಕ್ಕೆ ನಾವೇ ತೂಗಿದ ಔಷಧಿ ಬೆರೆಸಿ ಅಳತೆಗೋಲು ಮಾಡಿಕೊಳ್ಳುತ್ತೇವೆ. ಆ ಖಾಲಿ ಪ್ಲಾಸ್ಮಾಕ್ಕೆ ಬ್ಲ್ಯಾಂಕ್ ಎನ್ನುತ್ತೇವೆ. ನಮ್ಮಲ್ಲಿ ಬ್ಲ್ಯಾಂಕಿಗೆ ರಕ್ತ ಕೊಡುವವರು ನಾವೇ, ಸ್ಟಾಫು. ಕೊಟ್ಟವರಿಗೆ ಒಂದು ಎಳನೀರು, ಒಂದು ಮಸಾಲೆದೋಸೆ, ಅರ್ಧ ದಿನ ರಜೆ. ಯಾರು ಶುರು ಮಾಡಿದ ಪದ್ಧತಿಯೋ, ಎಲ್ಲರೂ ಖುಷಿಯಿಂದಲೇ ಕೊಡುತ್ತಿದ್ದೆವು.

ಅಕ್ಕ ಒಬ್ಬರು ಕೊಡುತ್ತಿರಲಿಲ್ಲ. ಅವರ ದೇಹದಲ್ಲೇ ನಾವು ದಿನವೂ ಅಳೆಯುವ ಮಾತ್ರೆಗಳಲ್ಲೊಂದು ಹರಿಯುತ್ತಿತ್ತು. ಕೊಟ್ಟರೆ ಗೆರೆ ಏಳುತ್ತದೆ, ಗುಟ್ಟು ರಟ್ಟಾಗುತ್ತದೆ. ಈಗ ಎಷ್ಟು ಸುಲಭವಾಗಿ ಬರೆಯುತ್ತಿದ್ದೇನೆ ನೋಡಿ. ಆಗ ನನಗೆ ಹೊಳೆಯಲೇ ಇಲ್ಲ.

ಹೊಳೆಯಬೇಕಿತ್ತು. ಅವರು ಎತ್ತರದ ಸ್ಟೂಲಿನ ಮೇಲೆ ಯಾವತ್ತೂ ಕೂರುತ್ತಿರಲಿಲ್ಲ. ಆಫೀಸಿನಿಂದ ಒಂದು ಕೈಯಿರುವ ಕುರ್ಚಿ ತಂದು, ಮೇಜು ಎತ್ತರವಾಯಿತೆಂದು ಗೊಣಗುತ್ತಾ ಅದರಲ್ಲೇ ಕೆಲಸ ಮಾಡುತ್ತಿದ್ದರು. ಬಾತ್‌ರೂಮಿನ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ದುಪಟ್ಟಾವನ್ನು ಹೊರಗಿನ ಹಿಡಿಗೆ ನೇತುಹಾಕಿ ಒಳಗೆ ಹೋಗುತ್ತಿದ್ದರು. ದುಪಟ್ಟಾ ಕಂಡರೆ ನಾವು ಕಾಯುತ್ತಿದ್ದೆವು. "ಅಕ್ಕಾ, ಚಿಲಕಕ್ಕೂ ನಿಮ್ಗೂ ಏನು ಜಗಳ?" ಅಂತ ನಾನು ರೇಗಿಸಿದರೆ, "ನಮ್ಮೂರಾಗ ಬಾಗಲಾನ ಇರಲಿಲ್ಲವಾ, ರೂಢಿ ಇಲ್ಲ" ಅನ್ನುತ್ತಿದ್ದರು. ಬೆಳಿಗ್ಗೆ ಎಂಟಕ್ಕೂ ಸಂಜೆ ಎಂಟಕ್ಕೂ ಅವರ ಕೈಗಡಿಯಾರ ಪೀ ಪೀ ಅನ್ನುತ್ತಿತ್ತು. ಪಾಳಿಯಲ್ಲಿದ್ದರೆ ಪರ್ಸಿನಿಂದ ಏನೋ ತೆಗೆದು ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದರು. ಕೇಳಿದರೆ, ವಿಟಮಿನ್. ನಾನು ದಿನಕ್ಕೆ ಮೂವತ್ತು ನಲವತ್ತು ಜನರ ರಕ್ತದಲ್ಲಿ ಅದೇ ಮಾತ್ರೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುತ್ತಿದ್ದೆ. ಪಕ್ಕದ ಕುರ್ಚಿಯವರ ಅಂಗೈಯಲ್ಲಿದ್ದದ್ದು ಕಾಣಲಿಲ್ಲ.

ಕೆಲಸದಲ್ಲಿ ಅವರದು ಒಂದೇ ಹಟ. ಸ್ಯಾಂಪಲ್ ಜೊತೆ ಬರುವ ಚೀಟಿಯಲ್ಲಿ 'ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ' ಎಂಬ ಜಾಗ ಖಾಲಿ ಇದ್ದರೆ ರಿಪೋರ್ಟ್ ಬಿಡುತ್ತಿರಲಿಲ್ಲ. ಮಾತ್ರೆ ನುಂಗಿ ಎರಡು ಗಂಟೆಗೆ ರಕ್ತ ಕೊಟ್ಟರೆ ಲೆಕ್ಕ ಮೇಲೆ ತೋರಿಸುತ್ತದೆ. ಡಾಕ್ಟರು ಹೆಚ್ಚಾಯಿತೆಂದು ಕಡಿಮೆ ಮಾಡಿದರೆ ಮನುಷ್ಯ ರಸ್ತೆಯಲ್ಲಿ ಬೀಳುತ್ತಾನೆ. ಬೇರೆಯವರು ಹೋಗ್ಲಿ ಬಿಡು ಎಂದು ಕಳಿಸುತ್ತಿದ್ದರು. ಅಕ್ಕ ಆಸ್ಪತ್ರೆಗೆ ಫೋನ್ ಮಾಡಿ, ಅಲ್ಲಿಂದ ಮನೆಯವರ ನಂಬರ್ ಪಡೆದು, ಅವರಿಗೇ ಫೋನ್ ಹಚ್ಚುತ್ತಿದ್ದರು. ಒಮ್ಮೆ ಯಾರೋ ತಾಯಿಯ ಜೊತೆ ಮಾತಾಡಿದ್ದು ನನಗಿನ್ನೂ ಕಿವಿಯಲ್ಲಿದೆ.

"ಅವ್ವಾ, ಮಗಳಿಗೆ ಮುಂಜಾನೆ ಗುಳಿಗಿ ಕೊಟ್ಟ ಮ್ಯಾಲೆ ರಕ್ತ ತೆಗಿಸಿದ್ರೋ, ಮೊದಲೋ? ... ಕೊಟ್ಟ ಮ್ಯಾಲೆ? ಹಂಗಾರ ಈ ರಿಪೋರ್ಟ್ ನಂಬಬ್ಯಾಡ್ರಿ. ನಾಳೆ ಮತ್ತ ಕರ್ಕೊಂಡ ಹೋಗ್ರಿ, ಗುಳಿಗಿ ಕೈಯಾಗ ಹಿಡ್ಕೊಂಡ ಹೋಗ್ರಿ, ರಕ್ತ ಕೊಟ್ಟ ಮ್ಯಾಲೆ ಅಲ್ಲೇ ನುಂಗಿಸ್ರಿ. ಒಂದ ಹೊತ್ತೂ ತಪ್ಪಿಸಬ್ಯಾಡ್ರಿ ನಮ್ಮವ್ವ. ತಪ್ಪಿಸಿದ್ರ ಅದು ಕಾಯ್ಕೊಂಡೇ ಕುಂತಿರತದ."

ಫೋನಿಟ್ಟ ಮೇಲೆ ಅವರ ಕಣ್ಣು ಒದ್ದೆಯಾಗಿತ್ತು. "ಅಯ್ಯೋ, ನಿಮ್ದು ಓವರ್ ಆಯ್ತು ಅಕ್ಕ" ಅಂದೆ ನಾನು. ನನ್ನ ಬಾಯಿಗೆ ಬೀಗ ಎನ್ನುವುದು ಹುಟ್ಟಿದಾಗಿನಿಂದಲೂ ಇಲ್ಲ. ಬೇಗೂರಿನವಳು ನಾನು, ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕು ಮಹಡಿ ಬಾಡಿಗೆ ಮನೆ ಎದ್ದಿದೆ. ಕೆಲಸ ಹೋದರೆ ಹೋಯಿತು ಅನ್ನುವ ಪೊಗರಿನಲ್ಲಿ ಬೆಳೆದವಳು. ಕೆಲಸ ಹೋದರೆ ಬಾಗಲಕೋಟೆಯ ಬಸ್ಸು ಹತ್ತಬೇಕಾದವರ ಭಯ ನನಗೆಲ್ಲಿಂದ ಗೊತ್ತಾಗಬೇಕು?

ಇನ್ನೊಂದು ದಿನ ಸಂಜೆ ಬಸ್ ಸ್ಟಾಪಿನಲ್ಲಿ ಒಬ್ಬ ಸೆಂಟ್ರಿಂಗ್ ಕೆಲಸದವನು ಫಿಟ್ಸ್ ಬಂದು ಬಿದ್ದ. ಜನ ಮುತ್ತಿಕೊಂಡರು. ಒಬ್ಬ ಬೈಕಿನ ಕೀ ತೆಗೆದು ಅವನ ಮುಷ್ಟಿಗೆ ತುರುಕಿದ, ಇನ್ನೊಬ್ಬ ಚಪ್ಪಲಿ ಮೂಗಿಗೆ ಹಿಡಿದ. "ಕಬ್ಬಿಣ ಕೊಡ್ರೋ, ಕಬ್ಬಿಣ!" ಅಂತ ಕೂಗಾಟ. ಅಕ್ಕ ಬ್ಯಾಗು ನನ್ನ ಮೇಲೆಸೆದು ಒಳಗೆ ನುಗ್ಗಿದರು. ಚಪ್ಪಲಿಯವನ ಕೈಯನ್ನು ಹೊಡೆದು ಸರಿಸಿದರು. ಬಿದ್ದವನನ್ನು ಮಗ್ಗುಲಾಗಿ ಹೊರಳಿಸಿ, ದುಪಟ್ಟಾ ಮಡಚಿ ತಲೆಯಡಿ ಇಟ್ಟು, ಕೈಗಡಿಯಾರ ನೋಡುತ್ತಾ ಕೂತರು. "ಯಾರೂ ಹಿಡೀಬ್ಯಾಡ್ರಿ. ಗಾಳಿ ಬಿಡ್ರಿ. ನಿಮಗೇನ ಸಿನಿಮಾ ಐತೇನಿಲ್ಲಿ?" ಎರಡು ನಿಮಿಷಕ್ಕೆ ಅವನ ಮೈ ಸಡಿಲವಾಯಿತು. ಕಣ್ಣು ಬಿಟ್ಟವನು ಮೊದಲು ಕೇಳಿದ್ದು, "ಮೇಸ್ತ್ರಿ ನೋಡಿದ್ನಾ?"

ನನಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ. "ಇಲ್ಲಪ್ಪಾ, ನೋಡಿಲ್ಲ. ಎದ್ದು ಕುಂಡ್ರು" ಅಂದರು. ಬಸ್ಸಿನಲ್ಲಿ, ಅವರು ಇಳಿಯುವ ಹೆಬ್ಬಗೋಡಿ ಬರುವವರೆಗೂ, ಕಿಟಕಿಯಿಂದ ಹಿಂದಕ್ಕೇ ನೋಡುತ್ತಿದ್ದರು. ಎಷ್ಟು ಧೈರ್ಯ ಇವರಿಗೆ ಅಂದುಕೊಂಡೆ, ಅಷ್ಟೇ. ಆ ಪ್ರಶ್ನೆ ಅವರಿಗೆ ಎಲ್ಲಿ ತಾಗಿತ್ತು ಎಂದು ಈಗ ಅರ್ಥವಾಗುತ್ತದೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ತಪ್ಪಿಸಿಕೊಳ್ಳಲು ಇಷ್ಟು ಹೊತ್ತು ಅದೂ ಇದೂ ಬರೆದೆ.

ಕಳೆದ ವರ್ಷ ತಪಾಸಣೆಗೆ ಹೊರಗಿನವರು ಬರುವವರಿದ್ದರು. ಅದೇ ಹೊತ್ತಿಗೆ ಬ್ಲ್ಯಾಂಕ್ ಪ್ಲಾಸ್ಮಾ ಮುಗಿಯುತ್ತ ಬಂದಿತ್ತು. ಹೊಸದಾಗಿ ಶೇಖರಿಸುವ ಪಟ್ಟಿ ಮಾಡುವ ಕೆಲಸ ನನ್ನದು. ಒಬ್ಬಳು ಬಸುರಿ, ಒಬ್ಬನಿಗೆ ಡೆಂಗ್ಯೂ ಆಗಿ ವಾರವಾಗಿತ್ತು, ಇಬ್ಬರು ಜ್ವರಕ್ಕೆ ಮಾತ್ರೆ ತಿಂದಿದ್ದರು. ನಾನು ಕೊಟ್ಟು ತಿಂಗಳೂ ಆಗಿರಲಿಲ್ಲ. ಸೋಮವಾರ ಊಟದ ಹೊತ್ತಿಗೆ ಪಟ್ಟಿ ಹಿಡಿದುಕೊಂಡು ಕ್ಯಾಂಟೀನಿಗೆ ಹೋದೆ.

"ಅಕ್ಕಾ, ಎಂಟು ವರ್ಷದಿಂದ ನಮ್ ರಕ್ತ ಹೀರ್ತಾ ಇದೀರ. ಈ ಸಲ ನಿಮ್ದು ಬರ್ಲಿ" ಅಂದೆ.

ಎಲ್ಲರೂ ನಕ್ಕರು. ಅಕ್ಕನೂ ನಕ್ಕರು. "ನನಗ ರಕ್ತ ಕಡಿಮಿ ಐತವಾ, ಗೊತ್ತೈತಲ್ಲ."

"ಎಲ್ ಕಡ್ಮೆ? ಹೋದ್ ತಿಂಗ್ಳು ಹೆಲ್ತ್ ಕ್ಯಾಂಪಲ್ಲಿ ನಾನೇ ಪಕ್ಕ ನಿಂತು ನೋಡಿದೀನಿ, ನನಗಿಂತ ಜಾಸ್ತಿ ಇತ್ತು ನಿಮ್ಗೆ. ಸುಳ್ಳು ಹೇಳ್ಬೇಡಿ ಕಣ್ರೀ!"

ಮತ್ತೆ ನಗು. ಆಗ ಪಕ್ಕದ ಮೇಜಿನಿಂದ ನಮ್ಮ ಮ್ಯಾನೇಜರು ತಲೆಯೆತ್ತಿದರು. "ಏನಾದ್ರೂ ಹೆಲ್ತ್ ಇಶ್ಯೂ ಇದ್ಯಾಮ್ಮ? ರೆಗ್ಯುಲರ್ ಮೆಡಿಸಿನ್ ಏನಾದ್ರೂ ತಗೋತೀರಾ? ಇದ್ರೆ ಬರ್ದು ಕೊಡಿ, ಎಚ್ಆರ್‌ಗೆ ಕಳ್ಸೋಣ. ಲ್ಯಾಬಲ್ಲಿ ಕೆಲ್ಸ ಮಾಡೋರ್ದು ರೆಕಾರ್ಡ್ ಇರ್ಬೇಕು." ಅವರು ಗದರಿಸಲಿಲ್ಲ, ಮೊಸರನ್ನ ಕಲಸುತ್ತಾ ಕೇಳಿದರು.

ಅಕ್ಕನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಅದನ್ನು ನಾನು ನೋಡಿದೆ. ಸಿಕ್ಕಿಬಿದ್ದರು ಎಂದು ಖುಷಿಯಾಯಿತು ನನಗೆ! ಆ ಖುಷಿ ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

"ಇಲ್ರಿ ಸರ್, ಏನೂ ಇಲ್ಲ" ಅಂದರು ಅಕ್ಕ. "ಕೊಡತೀನಿ. ಶನಿವಾರ ಕೊಡತೀನಿ."

"ಶನಿವಾರ ಯಾಕೆ? ಇವತ್ತೇ ಕೊಟ್ಬಿಡಿ, ದೋಸೆ ತರಿಸ್ತೀನಿ" ಅಂದೆ.

"ಶನಿವಾರ ಅಂದ್ನೆಲ್ಲವಾ. ಶನಿವಾರ ಚೊಲೊ ಆಗತದ." ಅವರು ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತಿದ್ದರು. ಮಂಗಳ, ಬುಧ, ಗುರು, ಶುಕ್ರ. ಒಂದು ಮಾತ್ರೆ ರಕ್ತದಿಂದ ಪೂರ್ತಿ ತೊಳೆದು ಹೋಗಲು ಎಷ್ಟು ದಿನ ಬೇಕೆಂದು ನಮ್ಮಲ್ಲಿ ಅವರಷ್ಟು ಖಚಿತವಾಗಿ ಬಲ್ಲವರು ಯಾರೂ ಇರಲಿಲ್ಲ. ಹೊಸಬರಿಗೆ ಆ ಪಾಠ ಹೇಳಿಕೊಡುತ್ತಿದ್ದವರೇ ಅವರು.

ಆ ವಾರ ಅವರ ಗಡಿಯಾರ ಪೀ ಪೀ ಅನ್ನಲಿಲ್ಲ. ಅದೂ ನನಗೆ ಆಮೇಲೆ ನೆನಪಾದದ್ದು. ಗುರುವಾರ ಅವರ ಕೈಯಿಂದ ಗಾಜಿನ ಸಣ್ಣ ಬಾಟಲಿಯೊಂದು ಜಾರಿ ಬಿತ್ತು. ಅವರ ಕೈಯಿಂದ ಏನಾದರೂ ಬಿದ್ದದ್ದು ನಾನು ನೋಡಿದ್ದು ಅದೊಂದೇ ಸಲ. "ನಿದ್ದಿ ಇಲ್ಲ ತಂಗಿ, ಓಣ್ಯಾಗ ಬೋರ್‌ವೆಲ್ ಕೊರಿಯಾಕತ್ತಾರ" ಅಂದರು. ಶನಿವಾರ ಹನ್ನೊಂದು ಗಂಟೆಗೆ ಬಂದು ತೋಳು ಚಾಚಿದರು. 'ಕಳೆದ ದಿನಗಳಲ್ಲಿ ಯಾವುದೇ ಔಷಧಿ ಸೇವಿಸಿಲ್ಲ' ಎಂಬ ಸಾಲಿನ ಎದುರು ದಿನಗಳ ಸಂಖ್ಯೆ ತುಂಬುವ ಜಾಗದಲ್ಲಿ 'ಐದು' ಎಂದು ಬರೆದು ಸಹಿ ಹಾಕಿದರು. ಎಲ್ಲರೂ ಅಲ್ಲಿ ಮೂವತ್ತು ಎಂದೋ ಅರವತ್ತು ಎಂದೋ ಬರೆಯುತ್ತಾರೆ. ಐದು ದಿನಕ್ಕಿಂತ ಮುಂಚೆ ಏನಿತ್ತು ಎಂದು ನಾನು ಕೇಳಲಿಲ್ಲ. ಪಟ್ಟಿ ತುಂಬಿತಲ್ಲ, ನನಗೆ ಸಾಕಾಗಿತ್ತು.

ದೋಸೆ ತಿನ್ನಲಿಲ್ಲ. "ಎಳನೀರು ಕೊಡು ಸಾಕು. ಮನಿಗೆ ಹೋಗಿ ಮೊದಲ..." ಅಂದವರು ಮಾತು ಪೂರ್ತಿ ಮಾಡದೆ ಬ್ಯಾಗು ತಗೊಂಡರು. ಬಾಗಿಲ ಹತ್ತಿರ ತಿರುಗಿ, "ಮತ್ತ ಚೆಕ್ ಮಾಡದ ಯಾವುದನ್ನೂ ಬಳಸಬ್ಯಾಡ ನೋಡು" ಅಂದರು. ಅವರಿಂದ ನಾನು ಕೇಳಿದ ಕೊನೆಯ ಮಾತು ಅದು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನನಗೆ ಫೋನ್ ಬಂತು. ಹೆಬ್ಬಗೋಡಿಯಲ್ಲಿ ಅವರಿದ್ದ ರೂಮಿನ ಓನರಮ್ಮ. "ಅವ್ವಾ, ಗೋಡೆ ಮ್ಯಾಗೆ ನಿನ್ ನಂಬರ್ ಬರ್ದವ್ಳೆ ಕಣವ್ವ. ಬಿರ್ನೆ ಬಾ." ಏನಾದರೂ ಆದರೆ ಯಾರಿಗೆ ಹೇಳಬೇಕು ಎಂದು ಅವರು ಗೋಡೆಯ ಮೇಲೆ ಬರೆದುಕೊಂಡಿದ್ದು ನನ್ನ ಹೆಸರು.

ಸ್ಕೂಟರಿನಲ್ಲಿ ಹೋಗಿ ನೋಡುವಷ್ಟರಲ್ಲಿ ಅವರನ್ನು ಬಚ್ಚಲಿನಿಂದ ತಂದು ಚಾಪೆಯ ಮೇಲೆ ಮಲಗಿಸಿದ್ದರು. ತಲೆಗೂದಲಿನಲ್ಲಿ ಸೀಗೆಪುಡಿ ಹಾಗೇ ಇತ್ತು. "ನಲ್ಲಿ ನೀರು ಸುರೀತಾನೇ ಇತ್ತು. ಟ್ಯಾಂಕ್ ಖಾಲಿ ಆಯ್ತದಲ್ಲಾ ಅಂತ ಬಯ್ಕೊಂಡು ಬಂದೆ" ಅಂದರು ಓನರಮ್ಮ, ಸೆರಗಿನಿಂದ ಬಾಯಿ ಮುಚ್ಚಿಕೊಂಡು. "ಬಾಗ್ಲು ಸುಮ್ನೆ ಮುಂದಕ್ಕೆ ತಳ್ಳಿತ್ತು. ಬಕೀಟ್ ಪಕ್ಕ ಅಂಗೇ ಬಿದ್ದಿದ್ಲು, ಮೊಕ ನೀರಲ್ಲಿ, ನಾಲ್ಗೆ ಕಚ್ಕೊಂಡಿದ್ಲು. ಇಂಗೆ ಆಯ್ತದೆ ಅಂತ ಒಂದ್ ಮಾತು ಯೋಳಿದ್ರೆ ನಾನು ಬಾಗ್ಲಲ್ಲೇ ಕೂತಿರ್ತಿದ್ದೆ ಕಣವ್ವ."

ಸೋಮವಾರ ಅವರ ಅಣ್ಣ ಊರಿನಿಂದ ಬಂದರು. ಆಸ್ಪತ್ರೆಯ ಕಾಗದಪತ್ರ ಮುಗಿಯುವವರೆಗೆ ರೂಮಿನಲ್ಲಿ ಅವರ ಸಾಮಾನು ಕಟ್ಟಲು ನಾನು ಜೊತೆಯಾದೆ. ಅವರೇ ಎಲ್ಲ ಹೇಳಿದರು. ತಂಗಿಗೆ ಹನ್ನೊಂದನೇ ವಯಸ್ಸಿನಿಂದ ಆ ರೋಗ. ಮೊದಲು ಕೆಲಸಕ್ಕಿದ್ದ ಔಷಧಿ ಕಾರ್ಖಾನೆಯಲ್ಲಿ ಒಮ್ಮೆ ಬಿದ್ದರಂತೆ, ಮರುದಿನ ಗೇಟಿನಲ್ಲಿ ಒಳಗೆ ಬಿಡಲಿಲ್ಲವಂತೆ. "ಮುಂದ ಯಾರಿಗೂ ಹೇಳೂದಿಲ್ಲ, ನೀವೂ ಹೇಳಬ್ಯಾಡ್ರಿ ಅಂತ ನಮ್ಮ ಕೈಲೆ ಆಣಿ ಮಾಡಿಸಿಕೊಂಡಿದ್ಲು. ಗುಳಿಗಿ ತಪ್ಪಿಸಲಾರದಕ್ಕ ಆರು ವರ್ಷದಿಂದ ಒಮ್ಮೆನೂ ಬಂದಿರಲಿಲ್ಲ ನೋಡವಾ."

ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು. ಒಂದೊಂದು ದಿನದ ಚೌಕದಲ್ಲೂ ಪೆನ್ನಿನಿಂದ ಎರಡೆರಡು ಗೀಟು, ಬೆಳಗಿನ ಮಾತ್ರೆಗೊಂದು, ಸಂಜೆಯದಕ್ಕೊಂದು. ಅಣ್ಣ ಹಿಂದಿನ ತಿಂಗಳುಗಳನ್ನು ಮಗುಚಿ ನೋಡಿದರು, ಒಂದೂ ತಪ್ಪಿರಲಿಲ್ಲ. ನಾನು ಪಟ್ಟಿ ಹಿಡಿದು ಕ್ಯಾಂಟೀನಿಗೆ ಹೋದ ಸೋಮವಾರದ ಬೆಳಗಿನ ಗೀಟು ಇತ್ತು. ಅಲ್ಲಿಂದ ಮುಂದೆ ಖಾಲಿ. ಶನಿವಾರದ ಚೌಕದಲ್ಲಿ ಮತ್ತೆ ಒಂದು ಗೀಟು, ಮನೆಗೆ ಬಂದ ಕೂಡಲೇ ನುಂಗಿದ್ದಿರಬೇಕು. ಭಾನುವಾರ ಬೆಳಗಿನದೂ ಇತ್ತು. ಆ ಎರಡು ಮಾತ್ರೆ ಅವರನ್ನು ಉಳಿಸಲಿಲ್ಲ.

"ಈ ಐದ ದಿನ ಯಾಕ ಬಿಟ್ಟಾಳವಾ ಇಕಿ?" ಅಂದರು ಅಣ್ಣ. ಚೌಕಗಳ ಮೇಲೆ ಬೆರಳಾಡಿಸುತ್ತಿದ್ದರು. "ನಿಮಗೇನರ ಹೇಳಿದ್ಲೇನು?"

ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವಳು ಭೂಮಿಯ ಮೇಲೆ ನಾನೊಬ್ಬಳೇ. ಬಾಯಿಗೆ ಬೀಗವಿಲ್ಲದವಳ ಬಾಯಿ ಆವತ್ತು ಸರಿಯಾಗಿ ಮುಚ್ಚಿಕೊಂಡಿತು.

"ಗೊತ್ತಿಲ್ಲಣ್ಣ. ಮರ್ತಿರ್ಬೇಕು."

"ಮರಿಯಾಕಿ ಅಲ್ಲ ಆಕಿ" ಅಂದರು. ಕ್ಯಾಲೆಂಡರನ್ನು ಮೊಳೆಯಿಂದ ಬಿಡಿಸಿ, ಸುರುಳಿ ಸುತ್ತಿ ಬ್ಯಾಗಿನೊಳಗೆ ಇಟ್ಟುಕೊಂಡರು.

ಮಂಗಳವಾರ ನಾನು ಲ್ಯಾಬಿಗೆ ಹೋಗಿ ಫ್ರೀಜರಿನಿಂದ ಅವರ ಪ್ಲಾಸ್ಮಾ ತೆಗೆದೆ. ಒಬ್ಬೊಬ್ಬರದನ್ನೂ ಬೇರೆ ಬೇರೆ ಪರೀಕ್ಷಿಸಿ, ಶುದ್ಧವಿದ್ದರೆ ಮಾತ್ರ ಒಟ್ಟಿಗೆ ಬೆರೆಸುವುದು ನಿಯಮ. ಅದು ಅವರೇ ಕಲಿಸಿದ್ದು. ಕರಗಿಸಿದೆ, ತಯಾರು ಮಾಡಿದೆ, ಯಂತ್ರಕ್ಕೆ ಕೊಟ್ಟು ಅವರ ಕುರ್ಚಿಯಲ್ಲಿ ಕೂತೆ. ಬ್ಲ್ಯಾಂಕಿನ ಗೆರೆ ಏಳಬಾರದು ಎಂದು ಬೇಡಿಕೊಳ್ಳುವುದು ನಮ್ಮ ಕಸುಬು. ಆವತ್ತು ನಾನು ಗೆರೆ ಏಳಲಿ ಎಂದು ಬೇಡಿಕೊಂಡೆ. ಒಂದಿಷ್ಟಾದರೂ ಏಳಲಿ. ಅಕ್ಕ ಕದ್ದು ಒಂದೆರಡು ಮಾತ್ರೆಯನ್ನಾದರೂ ನುಂಗಿರಲಿ, ಕ್ಯಾಲೆಂಡರಿನಲ್ಲಿ ಗೀಟು ಹಾಕಲು ಮರೆತಿರಲಿ, ಸಾವು ಬೇರೆ ಯಾವುದೋ ಕಾರಣಕ್ಕೆ ಬಂದಿರಲಿ. ನಮ್ಮ ಬೇಗೂರಿನ ದೇವರಿಗೆ ಹರಕೆ ಹೊತ್ತೆ, ನಗಬೇಡಿ. ಆ ಔಷಧಿ ಹೊರಬೀಳುವುದು ಏಳನೇ ನಿಮಿಷಕ್ಕೆ. ಐದಾಯಿತು, ಆರಾಯಿತು. ಏಳಾಯಿತು, ಏಳೂವರೆಯಾಯಿತು. ಗೆರೆ ಹಾಗೇ ಚಪ್ಪಟೆಯಾಗಿ ಮುಂದಕ್ಕೆ ಹೋಯಿತು. ಎಂಟು ವರ್ಷದಲ್ಲಿ ನಾನು ಅಷ್ಟು ಶುದ್ಧವಾದ ಬ್ಲ್ಯಾಂಕ್ ನೋಡಿಲ್ಲ.

ಮ್ಯಾನೇಜರು ಹಿಂದಿನಿಂದ ಬಂದು ಪರದೆ ನೋಡಿದರು. "ಪಾಪ, ಒಳ್ಳೆ ಹೆಂಗಸು. ಬಾತ್‌ರೂಮಲ್ಲಿ ಜಾರಿ ಬಿದ್ರಂತಲ್ಲ" ಅಂದರು. ಹಾಗೆಂದು ಹೇಳಿದ್ದವಳೂ ನಾನೇ. "ಕ್ಲೀನ್ ಇದ್ಯಲ್ವಾ? ಸೈನ್ ಮಾಡಿ ಮಿಕ್ಸ್ ಮಾಡ್ಬಿಡಿ, ಗುರುವಾರ ಬರ್ತಾರೆ ಅವ್ರು." ನಾನು ಸಹಿ ಹಾಕಿದೆ. ತಪಾಸಣೆಯವರು ಬಂದು ಎಲ್ಲ ಸರಿಯಿದೆ ಎಂದು ಹೋದರು. ಅಲ್ಲಿಂದ ಮೂರು ತಿಂಗಳು, ನಾವು ಎಷ್ಟು ಜನರ ಮಾತ್ರೆ ಅಳೆದೆವೋ ಅಷ್ಟೂ ಜನರನ್ನು ಅಳೆದದ್ದು ಅವರ ಪ್ಲಾಸ್ಮಾ ಬೆರೆತ ಅಳತೆಗೋಲಿನಿಂದ.

ಈಗ ಪಟ್ಟಿ ಮಾಡುವ ಕೆಲಸ ನನ್ನದಲ್ಲ, ಬೇಡವೆಂದು ಬಿಟ್ಟೆ. ಮೊನ್ನೆ ಆ ಹುಡುಗಿ ಕೊಡಲ್ಲ ಅಂದಾಗ ಎದ್ದು ನಿಂತು, ಅವಳನ್ನು ಯಾಕೆ ಎಂದು ಕೇಳಬೇಡಿ ಅನ್ನಬಹುದಿತ್ತು. ಅನ್ನಲಿಲ್ಲ. ನಲ್ಲಿಯ ಹತ್ತಿರ ಹೋಗಿ ನಿಂತೆ, ಹೇಳಿದೆನಲ್ಲ.

ಅಕ್ಕನ ಅಣ್ಣ ಆಗಾಗ ಫೋನ್ ಮಾಡುತ್ತಾರೆ. ತಂಗಿಯ ಗೆಳತಿ ಎಂದು ನನ್ನ ಮೇಲೆ ಅಕ್ಕರೆ. ಮಳೆ, ಬೆಳೆ, ಮಗಳ ಪರೀಕ್ಷೆ ಎಲ್ಲ ಹೇಳಿ, ಕೊನೆಗೆ ದನಿ ತಗ್ಗಿಸಿ ಅದೊಂದನ್ನು ಕೇಳುತ್ತಾರೆ. ಹೋದ ಭಾನುವಾರವೂ ಕೇಳಿದರು.

"ಆ ಐದ ದಿನದ್ದು ಏನರ ಗೊತ್ತಾತೇನವಾ?"

"ಇಲ್ಲಣ್ಣ" ಅಂದೆ.

"ಇರಲಿ ಬಿಡು. ಗೊತ್ತಾದ್ರ ಹೇಳು" ಅಂದರು.